ಬಿಳಿಗಣ್ಣಿನ ನೊಣಕ್ಕೆ ಕಾಣುವುದೇನು?

ಬಾಳೆಹಣ್ಣಿನ ಚಿಪ್ಪು ಮನೆಯಲ್ಲಿ ಎರಡು ದಿನ ಹೆಚ್ಚಿಗೆ ಉಳಿದರೆ ಸಾಕು, ಅದರ ಸುತ್ತ ಎಳ್ಳುಕಾಳಿನಷ್ಟು ಗಾತ್ರದ ನೊಣಗಳು ಎಲ್ಲಿಂದಲೋ ಬಂದು ಸೇರುತ್ತವೆ. ಕೈ ಬೀಸಿದರೆ ಚದುರುತ್ತವೆ. ಕೈ ತೆಗೆದರೆ ಮತ್ತೆ ಬಂದು ಕೂರುತ್ತವೆ. ಇವು ಹಣ್ಣಿನ ನೊಣಗಳು. ಜೀವಶಾಸ್ತ್ರದ ಪುಸ್ತಕಗಳಲ್ಲಿ ಇವುಗಳ ಹೆಸರು ಡ್ರಾಸೊಫಿಲ. ಒಂದನ್ನು ಹಿಡಿದು ಭೂತಗನ್ನಡಿಯ ಕೆಳಗಿಟ್ಟರೆ ಮೊದಲು ಕಣ್ಣಿಗೆ ಬೀಳುವುದು ಅದರ ಕಣ್ಣೇ. ತಲೆಯ ಎರಡು ಪಕ್ಕವನ್ನೂ ಆವರಿಸಿಕೊಂಡಿರುವ, ಇಟ್ಟಿಗೆ ಕೆಂಪಿನ ಉಬ್ಬುಗಣ್ಣುಗಳು.

ಈ ಕೆಂಪು ಏತಕ್ಕೆ? ಹೂವಿನ ಬಣ್ಣ ದುಂಬಿಯನ್ನು ಕರೆಯಲು, ನವಿಲಿನ ಬಣ್ಣ ಹೆಣ್ಣನ್ನು ಒಲಿಸಲು ಎಂದು ಓದಿದ್ದೇವೆ. ನೊಣದ ಕಣ್ಣಿನ ಬಣ್ಣದಿಂದ ನೊಣಕ್ಕೇನು ಲಾಭ? ಬಣ್ಣವೇ ಇಲ್ಲದಿದ್ದರೆ ಏನಾಗುತ್ತಿತ್ತು? ಈ ಪ್ರಶ್ನೆಗೆ ಉತ್ತರ ಹುಡುಕಲು ವಿಜ್ಞಾನಿಗಳಿಗೆ ಒಂದು ಅವಕಾಶ ತಾನಾಗಿ ಒದಗಿಬಂತು. ಅದು ಬಂದದ್ದು ಒಂದು ಹಾಲಿನ ಸೀಸೆಯೊಳಗೆ.

ಸೀಸೆಯೊಳಗಿನ ಅಪರೂಪದ ಗಂಡು

ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಥಾಮಸ್ ಹಂಟ್ ಮಾರ್ಗನ್ ಎಂಬ ಪ್ರಾಧ್ಯಾಪಕರಿದ್ದರು. ಅವರ ಪ್ರಯೋಗಾಲಯಕ್ಕೆ ‘ನೊಣದ ಕೋಣೆ’ ಎಂದೇ ಹೆಸರಾಯಿತು. ಖಾಲಿ ಹಾಲಿನ ಸೀಸೆಗಳಲ್ಲಿ ಬಾಳೆಹಣ್ಣನ್ನು ಹಾಕಿ ಸಾವಿರಾರು ಹಣ್ಣಿನ ನೊಣಗಳನ್ನು ಅಲ್ಲಿ ಸಾಕುತ್ತಿದ್ದರು. 1910ರಲ್ಲಿ ಆ ಕೆಂಪುಗಣ್ಣಿನ ನೊಣಗಳ ನಡುವೆ ಒಂದೇ ಒಂದು ಗಂಡು ನೊಣ ಬಿಳಿಗಣ್ಣಿನದಾಗಿ ಕಾಣಿಸಿಕೊಂಡಿತು.

ಮಾರ್ಗನ್ ಅದನ್ನು ಕೆಂಪುಗಣ್ಣಿನ ಹೆಣ್ಣುಗಳ ಜೊತೆ ಕೂಡಿಸಿದರು. ಮೊದಲ ಪೀಳಿಗೆಯಲ್ಲಿ 1,237 ಮರಿಗಳು ಕೆಂಪುಗಣ್ಣಿನವೇ. ಮೂರು ಮಾತ್ರ ಬಿಳಿಗಣ್ಣಿನವು. ಆ ಕೆಂಪುಗಣ್ಣಿನ ಮರಿಗಳನ್ನು ತಮ್ಮತಮ್ಮಲ್ಲೇ ಕೂಡಿಸಿದಾಗ ಎರಡನೆಯ ಪೀಳಿಗೆಯಲ್ಲಿ 2,459 ಕೆಂಪುಗಣ್ಣಿನ ಹೆಣ್ಣು, 1,011 ಕೆಂಪುಗಣ್ಣಿನ ಗಂಡು, 782 ಬಿಳಿಗಣ್ಣಿನ ಗಂಡು ಹುಟ್ಟಿದವು. ಬಿಳಿಗಣ್ಣಿನ ಹೆಣ್ಣು ಒಂದೂ ಇರಲಿಲ್ಲ! ಕಣ್ಣಿನ ಬಣ್ಣವನ್ನು ನಿರ್ಧರಿಸುವ ಜೀನು, ಗಂಡುಹೆಣ್ಣನ್ನು ನಿರ್ಧರಿಸುವ ಎಕ್ಸ್ ಕ್ರೋಮೊಸೋಮಿನ ಮೇಲೆಯೇ ಕುಳಿತಿದೆ ಎಂಬ ತೀರ್ಮಾನಕ್ಕೆ ಇದು ದಾರಿ ಮಾಡಿತು. ಗಂಡಿನಲ್ಲಿ ಎಕ್ಸ್ ಇರುವುದು ಒಂದೇ. ಅದರಲ್ಲಿ ದೋಷವಿದ್ದರೆ ಮುಚ್ಚಿಹಾಕಲು ಇನ್ನೊಂದಿಲ್ಲ. ಕೆಂಪು-ಹಸಿರು ಬಣ್ಣಗುರುಡು ಹುಡುಗಿಯರಿಗಿಂತ ಹುಡುಗರಲ್ಲೇ ಹೆಚ್ಚಾಗಿ ಕಾಣುವುದಕ್ಕೂ ಕಾರಣ ಇದೇ. ಜೀನುಗಳು ಕ್ರೋಮೊಸೋಮುಗಳ ಮೇಲಿವೆ ಎಂದು ಸಾಧಿಸಿ ತೋರಿಸಿದ್ದಕ್ಕಾಗಿ ಮಾರ್ಗನ್ನರಿಗೆ 1933ರಲ್ಲಿ ನೊಬೆಲ್ ಬಹುಮಾನ ಬಂತು.

ಇಷ್ಟನ್ನು ಪಿಯುಸಿ ವಿದ್ಯಾರ್ಥಿಗಳೆಲ್ಲ ಓದಿರುತ್ತಾರೆ. ಆದರೆ ಆ ಲೆಕ್ಕವನ್ನು ಇನ್ನೊಮ್ಮೆ ನೋಡಿ. ನಿಯಮದ ಪ್ರಕಾರ ಕೆಂಪುಗಣ್ಣಿನ ಗಂಡುಗಳೂ ಬಿಳಿಗಣ್ಣಿನ ಗಂಡುಗಳೂ ಸರಿಸುಮಾರು ಸಮನಾಗಿ ಇರಬೇಕಿತ್ತು. ಒಂದು ಕಡೆ 1,011 ಇದ್ದರೆ ಇನ್ನೊಂದು ಕಡೆ ಕೇವಲ 782. ಬದುಕುಳಿಯುವ ಓಟದಲ್ಲಿ ಬಿಳಿಗಣ್ಣಿನವು ಹಿಂದೆ ಬಿದ್ದಿದ್ದವು. ಮುಂದೆ ಮಾರ್ಗನ್ನರ ಶಿಷ್ಯ ಸ್ಟರ್ಟವೆಂಟ್ ಮತ್ತಿತರರು, ಹೆಣ್ಣನ್ನು ಒಲಿಸಿಕೊಳ್ಳುವುದರಲ್ಲೂ ಬಿಳಿಗಣ್ಣಿನ ಗಂಡು ಸೋಲುತ್ತದೆ ಎಂಬುದನ್ನು ಗಮನಿಸಿದರು. ಬಣ್ಣ ಹೋದದ್ದು ಕಣ್ಣಿನಿಂದ. ಪೆಟ್ಟು ಬಿದ್ದದ್ದು ಬಾಳಿಗೆ. ಹಾಗಾದರೆ ಆ ಕಣ್ಣಿಗೆ ಕಾಣುತ್ತಿತ್ತೇ, ಇಲ್ಲವೇ?

ಎರಡು ಬಗೆಯ ವರ್ಣಕ

ಇಲ್ಲಿ ಒಂದು ಗೊಂದಲವನ್ನು ಮೊದಲೇ ಬಿಡಿಸಿಕೊಳ್ಳಬೇಕು. ಕೀಟದ ಕಣ್ಣಿನಲ್ಲಿ ಎರಡು ಬಗೆಯ ವರ್ಣಕಗಳಿವೆ. ಒಂದು, ಬೆಳಕನ್ನು ಹಿಡಿದು ನರಸಂಜ್ಞೆಯಾಗಿ ಬದಲಿಸಲು ನೆರವಾಗುವ ರೊಡಾಪ್ಸಿನ್. ನಮ್ಮ ಕಣ್ಣಿನಲ್ಲೂ ಇದೇ ಜಾತಿಯ ವಸ್ತುವಿದೆ. ವಿಟಮಿನ್ ಎ ಇಲ್ಲದೆ ಇದು ತಯಾರಾಗದು. ಇನ್ನೊಂದು, ಬೆಳಕನ್ನು ತಡೆಯುವ ವರ್ಣಕ. ಇದಕ್ಕೆ ಮರೆವರ್ಣಕ ಎನ್ನೋಣ. ನೊಣದ ಕಣ್ಣಿಗೆ ಕೆಂಪು ಕೊಡುವುದು ಈ ಎರಡನೆಯದು. ಬಿಳಿಗಣ್ಣಿನ ನೊಣದಲ್ಲಿ ಇಲ್ಲದಿರುವುದೂ ಇದೇ. ಅದರ ರೊಡಾಪ್ಸಿನ್ ಸರಿಯಾಗಿಯೇ ಇದೆ. ಆದ್ದರಿಂದ ಬಿಳಿಗಣ್ಣಿನ ನೊಣ ಕುರುಡಲ್ಲ. ಅದರ ಕಣ್ಣಿಗೆ ಬೆಳಕು ಬೀಳುತ್ತದೆ, ಬೆಳಕಿನ ಅರಿವೂ ಆಗುತ್ತದೆ. ಅದರ ತೊಂದರೆ ಬೇರೆಯೇ.

ಆ ತೊಂದರೆ ಅರ್ಥವಾಗಬೇಕಾದರೆ ಕಣ್ಣಿನ ರಚನೆ ಗೊತ್ತಿರಬೇಕು. ನಮ್ಮ ಕಣ್ಣು ಒಂದೇ ಮಸೂರದ ಕ್ಯಾಮೆರಾ. ಕೀಟದ ಕಣ್ಣು ಸಂಯುಕ್ತ ನೇತ್ರ. ಜೇನುಹಟ್ಟಿಯ ಕೋಣೆಗಳಂತೆ ಒತ್ತಾಗಿ ಜೋಡಿಸಿದ ಕಿರುಗಣ್ಣುಗಳ ಗುಂಪು. ಹಣ್ಣಿನ ನೊಣದ ಒಂದೊಂದು ಕಣ್ಣಿನಲ್ಲಿ ಸುಮಾರು 750ರಿಂದ 800 ಕಿರುಗಣ್ಣುಗಳಿವೆ. ಮನೆನೊಣದಲ್ಲಿ ಮೂರು ಸಾವಿರಕ್ಕೂ ಹೆಚ್ಚು, ಕೆಲಸಗಾರ ಜೇನಿನಲ್ಲಿ ಸುಮಾರು ಐದು ಸಾವಿರ. ಪ್ರತಿ ಕಿರುಗಣ್ಣೂ ಮೇಲೊಂದು ಪುಟ್ಟ ಮಸೂರವನ್ನು ಹೊತ್ತ ಉದ್ದನೆಯ ಕೊಳವೆಯಂತಿದೆ. ಹಣ್ಣಿನ ನೊಣದಲ್ಲಿ ಅದರೊಳಗೆ ಎಂಟು ಬೆಳಕುಗ್ರಾಹಿ ಕೋಶಗಳಿವೆ. ಕೊಳವೆಯ ಸುತ್ತ ವರ್ಣಕ ತುಂಬಿದ ಕೋಶಗಳ ಕವಚವಿದೆ.

ಪ್ರತಿ ಕೊಳವೆಯೂ ಆಕಾಶದ ಒಂದು ಚೂರನ್ನು ಮಾತ್ರ ನೋಡುತ್ತದೆ. ಪಕ್ಕದ ಕೊಳವೆ ಪಕ್ಕದ ಚೂರನ್ನು ನೋಡುತ್ತದೆ. ಇಂಥ ನೂರಾರು ಚೂರುಗಳು ಸೇರಿ ಒಂದು ದೃಶ್ಯವಾಗುತ್ತದೆ. ರಂಗೋಲಿಯ ಚುಕ್ಕಿಗಳನ್ನು ಜೋಡಿಸಿ ಚಿತ್ರ ಮಾಡಿದ ಹಾಗೆ. ಜರ್ಮನಿಯ ಯೊಹಾನೆಸ್ ಮ್ಯುಲರ್ 1826ರಲ್ಲೇ ಹೀಗೆಂದು ಊಹಿಸಿದ್ದರು. ಹಣ್ಣಿನ ನೊಣದಲ್ಲಿ ಒಂದು ಕಿರುಗಣ್ಣಿಗೂ ಪಕ್ಕದ್ದಕ್ಕೂ ನೋಟದ ದಿಕ್ಕಿನಲ್ಲಿ ಸುಮಾರು ಐದು ಡಿಗ್ರಿ ವ್ಯತ್ಯಾಸವಿದೆ. ಕೈಯನ್ನು ನೇರವಾಗಿ ಚಾಚಿ ನಡುವಿನ ಮೂರು ಬೆರಳುಗಳನ್ನು ಜೋಡಿಸಿ ಹಿಡಿದರೆ ಅವು ಮರೆಮಾಡುವಷ್ಟು ಜಾಗ ಅದು. ಅಷ್ಟು ಜಾಗಕ್ಕೆ ನೊಣದ ಚಿತ್ರದಲ್ಲಿ ಒಂದೇ ಚುಕ್ಕಿ!

ಚಿತ್ರ ಇಷ್ಟು ಒರಟಾಗಿರುವಾಗ ಒಂದೊಂದು ಚುಕ್ಕಿಯೂ ಶುದ್ಧವಾಗಿರಬೇಡವೇ? ಒಂದು ಕೊಳವೆಗೆ ಬಂದ ಬೆಳಕು ಪಕ್ಕದ ಕೊಳವೆಗೆ ಸೋರಬಾರದು. ಸೋರದಂತೆ ತಡೆಯುವ ಗೋಡೆಯೇ ಮರೆವರ್ಣಕ. ಬಿಳಿಗಣ್ಣಿನಲ್ಲಿ ಈ ಗೋಡೆ ಗಾಜಿನದಾಗಿಬಿಟ್ಟಿದೆ. ಬೆಳಕು ಎಲ್ಲ ಕಡೆಯಿಂದಲೂ ನುಗ್ಗುತ್ತದೆ.

ಬೆಳಕು ಹೆಚ್ಚು, ನೋಟ ಕಡಿಮೆ

ಚಿತ್ರಮಂದಿರದಲ್ಲಿ ಮ್ಯಾಟಿನಿ ಆಟ ನಡೆಯುತ್ತಿರುವಾಗ ಯಾರಾದರೂ ಪಕ್ಕದ ಬಾಗಿಲುಗಳನ್ನೆಲ್ಲ ತೆರೆದರೆ ಏನಾಗುತ್ತದೆ? ತೆರೆಯ ಮೇಲೆ ಮೊದಲಿಗಿಂತ ಹೆಚ್ಚು ಬೆಳಕು ಬೀಳುತ್ತದೆ. ಆದರೆ ಚಿತ್ರ ಮಂಕಾಗುತ್ತದೆ. ಕಪ್ಪು ಕಪ್ಪಾಗಿ ಉಳಿಯದೆ ಬೂದಿಯ ಬಣ್ಣಕ್ಕೆ ತಿರುಗುತ್ತದೆ. ನಾಯಕನ ಮುಖಕ್ಕೂ ಹಿಂದಿನ ಗೋಡೆಗೂ ವ್ಯತ್ಯಾಸ ಕಾಣದು. ಬಿಳಿಗಣ್ಣಿನ ನೊಣದ ಸ್ಥಿತಿ ಹೆಚ್ಚುಕಡಿಮೆ ಹೀಗೆಯೇ. ನೋಡಲು ಬೇಕಾದದ್ದು ಬೆಳಕಷ್ಟೇ ಅಲ್ಲ, ಬೆಳಕು ನೆರಳುಗಳ ನಡುವಣ ಅಂತರವೂ ಬೇಕು.

ಇದನ್ನು ಅಳೆಯಲು ಒಂದು ಸರಳ ಪ್ರಯೋಗವಿದೆ. ಒಳಗೋಡೆಯ ಮೇಲೆ ಕಪ್ಪು-ಬಿಳಿ ಪಟ್ಟೆಗಳನ್ನು ಉದ್ದಕ್ಕೆ ಬಳಿದ ಒಂದು ಡ್ರಮ್ಮಿನ ನಡುವೆ ನೊಣವನ್ನು ಇಟ್ಟು ಡ್ರಮ್ಮನ್ನು ನಿಧಾನವಾಗಿ ತಿರುಗಿಸುತ್ತಾರೆ. ಸಾಮಾನ್ಯ ನೊಣ ಪಟ್ಟೆಗಳು ತಿರುಗುವ ದಿಕ್ಕಿಗೇ ತಾನೂ ತಿರುಗುತ್ತದೆ. ಗಾಳಿ ತನ್ನನ್ನು ಪಕ್ಕಕ್ಕೆ ತಳ್ಳುತ್ತಿದೆ ಎಂದು ಭಾವಿಸಿ ದಾರಿ ಸರಿಪಡಿಸಿಕೊಳ್ಳುವ ಹುಟ್ಟುಗುಣ ಅದು. 1943ರಲ್ಲಿ ಇಂಗ್ಲೆಂಡಿನಲ್ಲಿ ಹ್ಯಾನ್ಸ್ ಕಾಲ್ಮಸ್ ಬಗೆಬಗೆಯ ಕಣ್ಣಿನ ಬಣ್ಣದ ನೊಣಗಳನ್ನು ಈ ಪರೀಕ್ಷೆಗೆ ಒಡ್ಡಿದರು. ಮರೆವರ್ಣಕವಿಲ್ಲದ ಬಿಳಿಗಣ್ಣಿನವು ಪಟ್ಟೆಗಳ ಚಲನೆಗೆ ಸರಿಯಾಗಿ ಸ್ಪಂದಿಸಲಿಲ್ಲ. 1969ರಲ್ಲಿ ಸ್ವಿಟ್ಜರ್ಲೆಂಡಿನ ರೂಡಿಗರ್ ವೇನರ್ ಮತ್ತು ಸಂಗಡಿಗರು ಕಣ್ಣಿನ ಬಣ್ಣಕ್ಕೂ ಬೆಳಕು-ನೆರಳಿನ ವ್ಯತ್ಯಾಸವನ್ನು ಗುರುತಿಸುವ ಶಕ್ತಿಗೂ ಇರುವ ಸಂಬಂಧವನ್ನು ಮತ್ತಷ್ಟು ವಿವರವಾಗಿ ಪರಿಶೀಲಿಸಿದರು. ಪಟ್ಟೆಗಳು ಅಗಲವಾಗಿದ್ದು ಕಪ್ಪು-ಬಿಳಿ ಎದ್ದುಕಾಣುವಂತಿದ್ದರೆ ಬಿಳಿಗಣ್ಣಿನ ನೊಣವೂ ಹೇಗೋ ನಿಭಾಯಿಸುತ್ತದೆ. ಪಟ್ಟೆಗಳು ಮಸುಕಾದರೆ ಅದರ ಆಟ ಮುಗಿಯಿತು.

ಇನ್ನೊಂದು ಹಾನಿಯೂ ಇದೆ. ಹಗಲು ರಾತ್ರಿ ಎಡೆಬಿಡದೆ ಬೆಳಕಿನಲ್ಲಿಟ್ಟರೆ ಬಿಳಿಗಣ್ಣಿನ ನೊಣಗಳ ಬೆಳಕುಗ್ರಾಹಿ ಕೋಶಗಳು ಕೆಂಪುಗಣ್ಣಿನವುಗಳ ಕೋಶಗಳಿಗಿಂತ ಬೇಗ ನಶಿಸುತ್ತವೆ. ಮರೆವರ್ಣಕ ಗೋಡೆಯೂ ಹೌದು, ಕೊಡೆಯೂ ಹೌದು.

ಕೆಂಪೇ ಏಕೆ?

ಬೆಳಕನ್ನು ತಡೆಯುವುದೇ ಉದ್ದೇಶವಾದರೆ ಗೋಡೆ ಕಡುಗಪ್ಪಾಗಿರಬೇಕಿತ್ತು. ಕ್ಯಾಮೆರಾದ ಒಳಭಾಗಕ್ಕೆ ಬಳಿಯುವುದು ಕಪ್ಪು ಬಣ್ಣವನ್ನೇ ಅಲ್ಲವೇ? ನೊಣ ಕೆಂಪನ್ನು ಆರಿಸಿಕೊಂಡದ್ದೇಕೆ? ಕೆಂಪು ಕಾಣುವುದೆಂದರೆ ಕೆಂಪು ಬೆಳಕು ಆ ಗೋಡೆಯಲ್ಲಿ ಹೀರಿಹೋಗದೆ ನುಸುಳುತ್ತಿದೆ ಎಂದೇ ಅರ್ಥ.

ಈ ಸೋರಿಕೆ ಒಮ್ಮೆ ವಿಜ್ಞಾನಿಗಳನ್ನೇ ದಿಕ್ಕುತಪ್ಪಿಸಿತ್ತು. ನೊಣದ ಕಣ್ಣಿಗೆ ಬಗೆಬಗೆಯ ಬಣ್ಣದ ಬೆಳಕನ್ನು ಹಾಯಿಸಿ ಅದರಲ್ಲಿ ಏಳುವ ವಿದ್ಯುತ್ ಮಿಡಿತವನ್ನು ಅಳೆದಾಗ, ಕೆಂಪು ಬೆಳಕಿಗೂ ಅದು ಚೆನ್ನಾಗಿ ಸ್ಪಂದಿಸುವುದು ಕಂಡುಬಂತು. ನೊಣಕ್ಕೆ ಕೆಂಪನ್ನು ಗುರುತಿಸುವ ಬೇರೆಯೇ ಕೋಶಗಳಿವೆಯೇ? 1965ರಲ್ಲಿ ಅಮೆರಿಕದ ತಿಮೋತಿ ಗೋಲ್ಡ್‌ಸ್ಮಿತ್ ಅದೇ ಪ್ರಯೋಗವನ್ನು ಬಿಳಿಗಣ್ಣಿನ ನೊಣಗಳ ಮೇಲೂ ಮಾಡಿ ಹೋಲಿಸಿದರು. ಬಿಳಿಗಣ್ಣಿನಲ್ಲಿ ಆ ಕೆಂಪಿನ ಉಬ್ಬು ಮಾಯವಾಗಿತ್ತು! ಕೆಂಪನ್ನು ಹಿಡಿಯುವ ಪ್ರತ್ಯೇಕ ಕೋಶಗಳೇನೂ ಇರಲಿಲ್ಲ. ಕೆಂಪುಗಣ್ಣಿನಲ್ಲಿ ಬೇರೆ ಬಣ್ಣಗಳ ಬೆಳಕು ನೇರ ಎದುರಿನ ಕಿರುಗಣ್ಣುಗಳಿಗೆ ಮಾತ್ರ ಸೇರುತ್ತದೆ. ಕೆಂಪು ಬೆಳಕು ಗೋಡೆಗಳನ್ನು ದಾಟಿ ಸುತ್ತಲಿನ ಅನೇಕ ಕಿರುಗಣ್ಣುಗಳನ್ನು ತಟ್ಟುತ್ತದೆ. ಒಟ್ಟು ಮಿಡಿತ ದೊಡ್ಡದಾಗಿ ಕಂಡದ್ದು ಅದರಿಂದ. ಬಿಳಿಗಣ್ಣಿನಲ್ಲಿ ಎಲ್ಲ ಬಣ್ಣಗಳೂ ಸಮನಾಗಿ ಸೋರುವುದರಿಂದ ಕೆಂಪಿಗೆ ಆ ವಿಶೇಷ ಅನುಕೂಲ ಉಳಿಯಲಿಲ್ಲ.

ಹಾಗಾದರೆ ಸೋರುವ ಕೆಂಪು ಬೆಳಕು ನೊಣಕ್ಕೆ ನಷ್ಟವೇ? ಅಲ್ಲ. ಅದರಿಂದ ಲಾಭವೇ ಇದೆ. ಹಣ್ಣಿನ ನೊಣದ ಮುಖ್ಯ ರೊಡಾಪ್ಸಿನ್ ಹೀರುವುದು ಸುಮಾರು 480 ನ್ಯಾನೊಮೀಟರ್ ಅಲೆಯುದ್ದದ ನೀಲಿ-ಹಸಿರು ಬೆಳಕನ್ನು. ಬೆಳಕನ್ನು ಹೀರಿದ ಮೇಲೆ ಅದು ಮೆಟಾರೊಡಾಪ್ಸಿನ್ ಎಂಬ ಇನ್ನೊಂದು ರೂಪಕ್ಕೆ ಹೊರಳುತ್ತದೆ. ನಮ್ಮ ಕಣ್ಣಿನಲ್ಲಾದರೆ ಬಳಸಿದ ರೊಡಾಪ್ಸಿನ್ ಒಡೆದು, ಮತ್ತೆ ಹೊಸದಾಗಿ ಕೂಡಿಕೊಳ್ಳಬೇಕು. ಬಿಸಿಲಿನಿಂದ ಕತ್ತಲ ಕೋಣೆಗೆ ಬಂದಾಗ ಚೆನ್ನಾಗಿ ಕಾಣಲು ಬಹಳ ಹೊತ್ತು ಬೇಕಾಗುವುದು ಅದಕ್ಕೇ. ನೊಣದಲ್ಲಿ ಹಾಗಿಲ್ಲ. ಅದರ ಮೆಟಾರೊಡಾಪ್ಸಿನ್ 570-580 ನ್ಯಾನೊಮೀಟರ್ ಆಸುಪಾಸಿನ ಹಳದಿ-ಕಿತ್ತಳೆ ಬೆಳಕನ್ನು ಹೀರಿ ಮರುಕ್ಷಣವೇ ರೊಡಾಪ್ಸಿನ್ ಆಗಿ ಹಿಂದಿರುಗಬಲ್ಲದು. ಅಂದರೆ ಒಂದು ಬಣ್ಣದ ಬೆಳಕು ಕೀಲಿಯನ್ನು ತೆರೆಯುತ್ತದೆ, ಇನ್ನೊಂದು ಬಣ್ಣದ ಬೆಳಕು ಅದನ್ನು ಮತ್ತೆ ಸಜ್ಜುಗೊಳಿಸುತ್ತದೆ.

ಈಗ ಕೆಂಪು ಗೋಡೆಯ ಗುಟ್ಟು ಬಯಲಾಯಿತು. ಚಿತ್ರವನ್ನು ಕೆಡಿಸಬಲ್ಲ ನೀಲಿ-ಹಸಿರು ಬೆಳಕನ್ನು ಅದು ತಡೆಯುತ್ತದೆ. ಚಿತ್ರಕ್ಕೆ ಅಷ್ಟಾಗಿ ತೊಂದರೆ ಮಾಡದ, ಆದರೆ ರೊಡಾಪ್ಸಿನ್ನನ್ನು ಹೊಸದಾಗಿಸಬಲ್ಲ ಕಿತ್ತಳೆ-ಕೆಂಪು ಬೆಳಕನ್ನು ಒಳಗೆ ಬಿಡುತ್ತದೆ. ಹಾಲೆಂಡಿನ ಡೂಕೆಲೆ ಸ್ಟಾವೆಂಗಾ ಮತ್ತು ಸಹೋದ್ಯೋಗಿಗಳು 1970ರ ದಶಕದಲ್ಲಿ ಈ ವಿವರಣೆಯನ್ನು ಮುಂದಿಟ್ಟರು. ಹಿಟ್ಟನ್ನು ಬಿಟ್ಟು ತೌಡನ್ನು ಹಿಡಿಯುವ ಜರಡಿಯಂತೆ ಈ ಕಣ್ಣು ಬೇಕಾದ ಬಣ್ಣವನ್ನು ಬಿಟ್ಟು ಬೇಡವಾದದ್ದನ್ನು ಹಿಡಿಯುತ್ತದೆ.

ಪರದೆ ಸರಿಸುವ ಕಣ್ಣುಗಳು

ನೊಣ ಹಗಲಿನ ಜೀವಿ. ರಾತ್ರಿ ಹಾರುವ ಪತಂಗಕ್ಕೆ ಬೇರೆಯೇ ಸಮಸ್ಯೆ. ಒಂದೊಂದು ಕಿರುಗಣ್ಣೂ ತನ್ನ ಪಾಲಿನ ಬೆಳಕನ್ನು ಮಾತ್ರ ನೆಚ್ಚಿಕೊಂಡರೆ ನಕ್ಷತ್ರದ ಬೆಳಕಿನಲ್ಲಿ ಏನೂ ಕಾಣದು. ಆದ್ದರಿಂದ ಪತಂಗದ ಕಣ್ಣಿನಲ್ಲಿ ಗೋಡೆಗಳನ್ನು ಸರಿಸುವ ಏರ್ಪಾಡಿದೆ. ಕತ್ತಲಾದಾಗ ವರ್ಣಕದ ಕಣಗಳು ಕಣ್ಣಿನ ಹೊರಮೈಯತ್ತ ಸರಿದು ಗುಂಪುಗೂಡುತ್ತವೆ. ಒಳಗೆ ತೆರವಾದ ಜಾಗದಲ್ಲಿ ನೂರಾರು ಮಸೂರಗಳಿಂದ ಬಂದ ಬೆಳಕು ಒಂದೇ ಬಿಂದುವಿನಲ್ಲಿ ಕೂಡುತ್ತದೆ. ಬೆಳಗಾದಾಗ ಕಣಗಳು ಮತ್ತೆ ಕೆಳಗಿಳಿದು ಗೋಡೆ ಕಟ್ಟುತ್ತವೆ. ಈ ಒಂದು ಚಲನೆಯಿಂದಲೇ ಕಣ್ಣಿನ ಸೂಕ್ಷ್ಮತೆ ನೂರು ಪಟ್ಟು, ಕೆಲವು ಜಾತಿಗಳಲ್ಲಿ ಅದಕ್ಕೂ ಹೆಚ್ಚು ಬದಲಾಗುತ್ತದೆ. ಆಸ್ಟ್ರಿಯಾದ ಸಿಗ್ಮಂಡ್ ಎಕ್ಸ್‌ನರ್ 1891ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನೆಲ್ಲ ವಿವರಿಸಿದ್ದಾರೆ. ಮಿಣುಕುಹುಳದ ಕಣ್ಣಿನ ಮಸೂರಗಳ ಮೂಲಕವೇ ಕಿಟಕಿಯೊಂದರ ಛಾಯಾಚಿತ್ರ ತೆಗೆದು ಅವರು ಅದರಲ್ಲಿ ಅಚ್ಚುಹಾಕಿಸಿದ್ದರು.

ಪತಂಗಕ್ಕೂ ಬಿಳಿಗಣ್ಣಿನ ನೊಣಕ್ಕೂ ಇರುವ ವ್ಯತ್ಯಾಸ ಗಮನಿಸಬೇಕು. ಎರಡರಲ್ಲೂ ಗೋಡೆಯಿಲ್ಲ. ಆದರೆ ಪತಂಗದ ಮಸೂರಗಳು ಬೇರೆಬೇರೆ ಕಿರುಗಣ್ಣುಗಳ ಬೆಳಕನ್ನು ಸರಿಯಾದ ಜಾಗಕ್ಕೇ ಬಾಗಿಸುವಂತೆ ರೂಪುಗೊಂಡಿವೆ. ನೊಣದ ಮಸೂರಗಳು ಹಾಗಿಲ್ಲ. ಒಂದರಲ್ಲಿ ಅದು ವ್ಯವಸ್ಥೆ, ಇನ್ನೊಂದರಲ್ಲಿ ಅವ್ಯವಸ್ಥೆ.

ಹಗಲಿನ ನೊಣವೂ ಕೈಕಟ್ಟಿ ಕುಳಿತಿಲ್ಲ. ಅದರ ಬೆಳಕುಗ್ರಾಹಿ ಕೋಶಗಳ ಒಳಗೇ ಸೂಕ್ಷ್ಮ ವರ್ಣಕ ಕಣಗಳಿವೆ. ಬೆಳಕು ಪ್ರಖರವಾದೊಡನೆ, ಕೆಲವೇ ಸೆಕೆಂಡುಗಳಲ್ಲಿ, ಅವು ಬೆಳಕು ಹಾಯುವ ದಾರಿಯ ಬದಿಗೆ ಬಂದು ನಿಂತು ಹೆಚ್ಚಿನ ಬೆಳಕನ್ನು ಹೀರಿಕೊಳ್ಳುತ್ತವೆ. ಬಿಸಿಲಿಗೆ ನಮ್ಮ ಕಣ್ಣಿನ ಪಾಪೆ ಕಿರಿದಾಗುವ ಹಾಗೆ. ಜರ್ಮನಿಯಲ್ಲಿ ಕಿರ್ಶ್‌ಫೆಲ್ಡ್ ಮತ್ತು ಫ್ರಾನ್ಸೆಸ್ಚಿನಿ 1969ರಲ್ಲಿ ಇದನ್ನು ತೋರಿಸಿಕೊಟ್ಟರು. ಬಿಳಿಗಣ್ಣಿನ ನೊಣಕ್ಕೆ ಈ ಪಾಪೆಯೂ ಇಲ್ಲ.

ಮನೆಯಲ್ಲೇ ನೋಡಿ

ಇವುಗಳಲ್ಲಿ ಕೆಲವನ್ನು ಖರ್ಚಿಲ್ಲದೆ ನೋಡಬಹುದು. ಮುಂಗಾಲುಗಳನ್ನು ಕೈಮುಗಿದಂತೆ ಮಡಚಿ ಗಿಡದ ಮೇಲೆ ಕೂರುವ ಹಸಿರು ಪ್ರಾರ್ಥನಾ ಕೀಟವನ್ನು ಹಗಲಿನಲ್ಲಿ ಹತ್ತಿರದಿಂದ ಗಮನಿಸಿ. ಅದರ ತಿಳಿ ಹಸಿರು ಕಣ್ಣಿನಲ್ಲಿ ಒಂದು ಕಪ್ಪು ಚುಕ್ಕಿ ಕಾಣುತ್ತದೆ. ನೀವು ಎಡಕ್ಕೆ ಸರಿದರೆ ಅದೂ ನಿಮ್ಮತ್ತ ಸರಿಯುತ್ತದೆ. ಕೀಟ ನಿಮ್ಮನ್ನೇ ದಿಟ್ಟಿಸುತ್ತಿದೆ ಎನಿಸುತ್ತದೆ. ನಿಜಕ್ಕೂ ಅಲ್ಲಿ ಪಾಪೆಯಿಲ್ಲ. ನಿಮ್ಮ ಕಡೆಗೆ ನೇರವಾಗಿ ಮುಖ ಮಾಡಿದ ಕಿರುಗಣ್ಣುಗಳು ನಿಮ್ಮ ಕಡೆಯಿಂದ ಬಂದ ಬೆಳಕನ್ನೆಲ್ಲ ನುಂಗಿಬಿಡುವುದರಿಂದ ಆ ಜಾಗ ಕಪ್ಪಾಗಿ ಕಾಣುತ್ತದೆ, ಅಷ್ಟೆ. ಅದೇ ಕೀಟವನ್ನು ರಾತ್ರಿ ನೋಡಿದರೆ ಇಡೀ ಕಣ್ಣೇ ಕಪ್ಪಾಗಿರುತ್ತದೆ. ವರ್ಣಕ ಜಾಗ ಬದಲಿಸಿದೆ ಎಂಬುದಕ್ಕೆ ಅದೇ ಗುರುತು.

ಇನ್ನೊಂದು ಪ್ರಯೋಗ. ಕಪ್ಪು ಡ್ರಾಯಿಂಗ್ ಹಾಳೆಯಿಂದ ಪೆನ್ಸಿಲ್ ದಪ್ಪದ, ಗೇಣುದ್ದದ ಅರ್ಧದಷ್ಟಿರುವ ಮೂವತ್ತು ನಲವತ್ತು ಕೊಳವೆಗಳನ್ನು ಸುತ್ತಿ ಒಟ್ಟಿಗೆ ಕಟ್ಟಿ. ಅಷ್ಟೇ ಕೊಳವೆಗಳ ಇನ್ನೊಂದು ಕಟ್ಟನ್ನು ಟ್ರೇಸಿಂಗ್ ಹಾಳೆಯಿಂದ ಮಾಡಿ. ಎರಡರ ಒಂದು ತುದಿಗೂ ಟ್ರೇಸಿಂಗ್ ಹಾಳೆಯ ಪರದೆ ಅಂಟಿಸಿ. ಇನ್ನೊಂದು ತುದಿಯನ್ನು ಬೆಳಕಿರುವ ಕಿಟಕಿಯತ್ತ ಹಿಡಿದು, ಅದಕ್ಕೆ ಒತ್ತಿದಂತೆ ಬೆರಳುಗಳನ್ನು ಅಗಲಿಸಿ ಆಡಿಸಿ. ಕಪ್ಪು ಕಟ್ಟಿನ ಪರದೆಯ ಮೇಲೆ ಚುಕ್ಕಿಚುಕ್ಕಿಯಾಗಿ ಬೆರಳಿನ ನೆರಳು ಕಾಣುತ್ತದೆ. ಟ್ರೇಸಿಂಗ್ ಹಾಳೆಯ ಕಟ್ಟಿನಲ್ಲಿ ಬೆಳಕು ಧಾರಾಳ, ಬೆರಳು ಮಾತ್ರ ಮಸುಕು. ಕೆಂಪುಗಣ್ಣಿಗೂ ಬಿಳಿಗಣ್ಣಿಗೂ ಇರುವ ಅಂತರವನ್ನು ಕೈಯಲ್ಲೇ ಹಿಡಿದಂತಾಗುತ್ತದೆ.

ಜೋಡಿ ಕದದ ಬಾಗಿಲು

ಕೆಂಪು ಹೋಗಿ ಬಿಳಿಯಾದದ್ದು ಹೇಗೆ? ನೊಣದ ಮರೆವರ್ಣಕದಲ್ಲಿ ಎರಡು ಜಾತಿಯಿದೆ. ಕಂದು ಬಣ್ಣದ್ದು ಟ್ರಿಪ್ಟೊಫ್ಯಾನ್ ಎಂಬ ಅಮೈನೊ ಆಮ್ಲದಿಂದ ಆಗುತ್ತದೆ; ಕೆಂಪು ಬಣ್ಣದ್ದು ಗ್ವಾನಿನ್ ಮೂಲದ ವಸ್ತುಗಳಿಂದ. ಈ ಕಚ್ಚಾವಸ್ತುಗಳು ಕೋಶದೊಳಗಿನ ವರ್ಣಕ ಕಣಗಳನ್ನು ಸೇರಬೇಕಾದರೆ ಬಾಗಿಲು ಬೇಕು. ಪ್ರತಿ ಬಾಗಿಲಿಗೂ ಎರಡು ಕದಗಳು. ಟ್ರಿಪ್ಟೊಫ್ಯಾನಿನ ಬಾಗಿಲಿಗೆ ‘ಬಿಳಿ’ ಮತ್ತು ‘ಸ್ಕಾರ್ಲೆಟ್’ ಎಂಬ ಜೀನುಗಳು ತಯಾರಿಸುವ ಪ್ರೋಟೀನುಗಳು. ಗ್ವಾನಿನ್ನಿನ ಬಾಗಿಲಿಗೆ ‘ಬಿಳಿ’ ಮತ್ತು ‘ಕಂದು’ ಜೀನುಗಳವು. ‘ಸ್ಕಾರ್ಲೆಟ್’ ಕೆಟ್ಟರೆ ಕಂದು ವರ್ಣಕ ಮಾತ್ರ ಹೋಗಿ ಕಣ್ಣು ಹೊಳೆವ ಕೆಂಪಾಗುತ್ತದೆ. ‘ಕಂದು’ ಕೆಟ್ಟರೆ ಕೆಂಪು ಹೋಗಿ ಕಂದು ಉಳಿಯುತ್ತದೆ. ಆದರೆ ‘ಬಿಳಿ’ ಎರಡೂ ಬಾಗಿಲುಗಳಿಗೆ ಬೇಕಾದ ಕದ. ಅದು ಕೆಟ್ಟರೆ ಎರಡೂ ಬಾಗಿಲು ಬಂದ್. ಜೀನಿಗೆ ಹೆಸರಿಡುವ ರೂಢಿಯೂ ವಿಚಿತ್ರವೇ: ಸರಿಯಿದ್ದಾಗ ಮಾಡುವ ಕೆಲಸದಿಂದಲ್ಲ, ಕೆಟ್ಟಾಗ ಕಾಣುವ ಬಣ್ಣದಿಂದ ಹೆಸರು.

ಬಿಳಿಗಣ್ಣಿನ ನೊಣ ಇಂದಿಗೂ ಪ್ರಯೋಗಾಲಯಗಳಲ್ಲಿ ಬಲು ಬೇಡಿಕೆಯ ಜೀವಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಹಣ್ಣಿನ ನೊಣಗಳ ತಳಿಗಳನ್ನು ಸಾಕಿಟ್ಟುಕೊಂಡು ಸಂಶೋಧಕರಿಗೆ ಒದಗಿಸುವ ಕೇಂದ್ರವಿದೆ. ಜಗತ್ತಿನ ಅನೇಕ ಕಡೆ ಇಂಥ ಕೇಂದ್ರಗಳಿವೆ. ಹೊಸ ಜೀನನ್ನು ನೊಣಕ್ಕೆ ಸೇರಿಸುವಾಗ ಅದರ ಜೊತೆಗೆ ಸರಿಯಾದ ‘ಬಿಳಿ’ ಜೀನಿನ ತುಣುಕನ್ನೂ ಕಟ್ಟಿ ಕಳಿಸುತ್ತಾರೆ. ಬಿಳಿಗಣ್ಣಿನ ನೊಣದ ಮರಿಗೆ ಕಣ್ಣಲ್ಲಿ ಬಣ್ಣ ಬಂತೆಂದರೆ ಹೊಸ ಜೀನು ಸೇರಿದೆ ಎಂದು ಲೆಕ್ಕ. ತುಂಬಾ ಅನುಕೂಲದ ಗುರುತು.

ಆದರೆ ಇಲ್ಲೊಂದು ಬಲೆಯಿದೆ. ಒಂದು ನೊಣ ದಾರಿ ತಪ್ಪಿದರೆ, ಸಂಗಾತಿಯನ್ನು ಹುಡುಕಲಾರದೆ ಹೋದರೆ, ಕಲಿತದ್ದನ್ನು ಮರೆತರೆ, ಅದಕ್ಕೆ ಹೊಸ ಜೀನು ಕಾರಣವೋ ಅಥವಾ ಸರಿಯಾಗಿ ಕಾಣದ ಕಣ್ಣು ಕಾರಣವೋ? ಸಾಲದ್ದಕ್ಕೆ ‘ಬಿಳಿ’ ಜೀನು ಮಿದುಳಿನ ಕೋಶಗಳಲ್ಲೂ ಕೆಲಸ ಮಾಡುತ್ತದೆ. ಅದು ಕೆಟ್ಟ ನೊಣಗಳ ಮಿದುಳಿನಲ್ಲಿ ಸಂದೇಶವಾಹಕ ರಾಸಾಯನಿಕಗಳು ಕಡಿಮೆಯಿರುವುದು ಕೆಲವು ಪ್ರಯೋಗಗಳಲ್ಲಿ ಕಂಡಿದೆ. ಎಚ್ಚರವುಳ್ಳ ಸಂಶೋಧಕರು ಇದಕ್ಕೊಂದು ಉಪಾಯ ಮಾಡುತ್ತಾರೆ. ‘ಸಿನಬಾರ್’ ಮತ್ತು ‘ಕಂದು’ ಎಂಬ ಬೇರೆ ಎರಡು ಜೀನುಗಳು ಒಟ್ಟಿಗೆ ಕೆಟ್ಟ ನೊಣಗಳಿಗೂ ಕಣ್ಣು ಬಿಳಿಯೇ. ಆದರೆ ಅವುಗಳಲ್ಲಿ ‘ಬಿಳಿ’ ಜೀನು ಸರಿಯಾಗಿದೆ. ಅವೂ ತಪ್ಪು ಮಾಡಿದರೆ ತಪ್ಪು ಕಣ್ಣಿನದು. ಅವು ಸರಿಯಾಗಿ ನಡೆದುಕೊಂಡರೆ ತಪ್ಪು ‘ಬಿಳಿ’ ಜೀನಿನ ಬೇರೆ ಕೆಲಸದ್ದು. ಸೋತ ನೊಣವನ್ನು ‘ದಡ್ಡ ನೊಣ’ ಎಂದು ಬರೆದಿಡುವ ಮೊದಲು ಅದಕ್ಕೆ ಕಾಣುತ್ತಿತ್ತೇ ಎಂದು ಕೇಳಬೇಕು. ವಿಜ್ಞಾನದ ಶಿಸ್ತು ಎಂದರೆ ಇದೇ.

ಮುಂದಿನ ಬೆಂಚಿನ ಮಗು

ಈ ಎಚ್ಚರ ಪ್ರಯೋಗಾಲಯಕ್ಕೆ ಮಾತ್ರ ಮೀಸಲಲ್ಲ. ಮನುಷ್ಯರ ಕಣ್ಣಿನಲ್ಲೂ ಮರೆವರ್ಣಕವಿದೆ. ಅದು ಮೆಲನಿನ್. ಪಾಪೆಯ ಸುತ್ತಲಿನ ಪರದೆಯಲ್ಲಿ, ಅಕ್ಷಿಪಟದ ಹಿಂದಿನ ಪದರದಲ್ಲಿ ಅದು ತುಂಬಿಕೊಂಡು ಚೆಲ್ಲಾಪಿಲ್ಲಿಯಾದ ಬೆಳಕನ್ನು ಹೀರುತ್ತದೆ. ಹುಟ್ಟಿನಿಂದಲೇ ಮೆಲನಿನ್ ಇಲ್ಲದ ಅಥವಾ ತೀರ ಕಡಿಮೆಯಿರುವ ಸ್ಥಿತಿಗೆ ಆಲ್ಬಿನಿಸಂ ಎನ್ನುತ್ತಾರೆ. ಅಂಥ ಮಕ್ಕಳ ಕೂದಲು, ಚರ್ಮ ಬೆಳ್ಳಗಿರುತ್ತವೆ. ಕಣ್ಣು ನಸುಗಂದು, ಬೂದು ಅಥವಾ ನೀಲಿಯಾಗಿರಬಹುದು. ಇದು ತೊನ್ನು ಅಲ್ಲ. ತೊನ್ನು ಮುಂದೆಂದೋ ಚರ್ಮದ ಮೇಲೆ ಮಚ್ಚೆಯಾಗಿ ಮೂಡುತ್ತದೆ. ಆಲ್ಬಿನಿಸಂ ಹುಟ್ಟಿನಿಂದಲೇ ಬರುತ್ತದೆ. ಎರಡೂ ಅಂಟುವುದಿಲ್ಲ. ಕಣ್ಣಿಗಷ್ಟೇ ಸೀಮಿತವಾದ ಒಂದು ಬಗೆಯ ಆಲ್ಬಿನಿಸಂ ಕೂಡ ಇದೆ. ಅದರ ಜೀನು, ಮಾರ್ಗನ್ನರ ನೊಣದಲ್ಲಿದ್ದಂತೆ, ಎಕ್ಸ್ ಕ್ರೋಮೊಸೋಮಿನ ಮೇಲಿದ್ದು ಹೆಚ್ಚಾಗಿ ಗಂಡುಮಕ್ಕಳಲ್ಲಿ ಕಾಣುತ್ತದೆ. ಆ ಮಗುವಿನ ಚರ್ಮ ಕೂದಲು ಎಲ್ಲರಂತೆಯೇ ಇರುವುದರಿಂದ ಮನೆಯವರಿಗೂ ಶಾಲೆಯವರಿಗೂ ಬೇಗ ಗೊತ್ತಾಗುವುದಿಲ್ಲ.

ಇಂಥ ಮಕ್ಕಳಿಗೆ ಬೆಳಕು ಕಣ್ಣು ಕುಕ್ಕುತ್ತದೆ. ದೂರದ ಅಕ್ಷರ ಮಸುಕಾಗುತ್ತದೆ. ಆದರೆ ನೊಣದ ಕಥೆಯನ್ನು ಇಲ್ಲಿಗೆ ಹಾಗೇ ತಂದು ಅಂಟಿಸಬಾರದು. ಮನುಷ್ಯರಲ್ಲಿ ಮೆಲನಿನ್ ಕೊರತೆಯಿದ್ದಾಗ ಅಕ್ಷಿಪಟದ ಮಧ್ಯದ, ತೀಕ್ಷ್ಣ ನೋಟದ ಭಾಗವೇ ಪೂರ್ತಿ ಬೆಳೆಯುವುದಿಲ್ಲ. ಕಣ್ಣಿನಿಂದ ಮಿದುಳಿಗೆ ಹೋಗುವ ನರತಂತುಗಳ ದಾರಿಯೂ ಬದಲಾಗಿರುತ್ತದೆ. ಎಷ್ಟೋ ಮಕ್ಕಳಲ್ಲಿ ಕಣ್ಣುಗುಡ್ಡೆ ತಾನಾಗಿ ಅತ್ತಿತ್ತ ತುಯ್ಯುತ್ತಿರುತ್ತದೆ. ಹೀಗಾಗಿ ಕನ್ನಡಕ ಹಾಕಿದ ಮಾತ್ರಕ್ಕೆ ಎಲ್ಲವೂ ಸರಿಹೋಗುವುದಿಲ್ಲ. ಇದಕ್ಕೂ ಬುದ್ಧಿಶಕ್ತಿಗೂ ಸಂಬಂಧವಿಲ್ಲ.

ಮಾಡಬಹುದಾದದ್ದು ಬೇಕಾದಷ್ಟಿದೆ. ಮಗುವನ್ನು ಮುಂದಿನ ಬೆಂಚಿನಲ್ಲಿ, ಕಿಟಕಿಗೆ ಬೆನ್ನು ಮಾಡಿ ಕೂರಿಸಬೇಕು. ಹೊಳಪಿಲ್ಲದ ಕರಿಹಲಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು, ಬರೆದದ್ದನ್ನು ಬಾಯಲ್ಲೂ ಹೇಳಬೇಕು. ಪುಸ್ತಕವನ್ನು ಮುಖದ ಹತ್ತಿರ ಹಿಡಿದರೆ ಗದರಬಾರದು. ಆ ಕಣ್ಣಿಗೆ ಅದೇ ಸರಿಯಾದ ದೂರ. ಭೂತಗನ್ನಡಿ, ದೊಡ್ಡ ಅಚ್ಚಿನ ಪುಸ್ತಕ, ಬಿಸಿಲಿಗೆ ಅಂಚಿರುವ ಟೋಪಿ ಮತ್ತು ಬಣ್ಣದ ಕನ್ನಡಕ, ತುಂಬುತೋಳಿನ ಅಂಗಿ ಬೇಕು. ನೇತ್ರವೈದ್ಯರನ್ನು ಎಳೆಯ ವಯಸ್ಸಿನಲ್ಲೇ ಕಂಡು ವರ್ಷವರ್ಷವೂ ಪರೀಕ್ಷೆ ಮಾಡಿಸಬೇಕು. ಪಿ.ಟಿ. ಅವಧಿಯಲ್ಲಿ ನಡುಹಗಲಿನ ಬಿಸಿಲಿಗೆ ನಿಲ್ಲಿಸುವ ಬದಲು ಮರದ ನೆರಳಲ್ಲಿ ಆಡಲು ಬಿಡಬೇಕು.

ಆಲ್ಬಿನಿಸಂ ಇರುವ ಮಗುವಷ್ಟೇ ಅಲ್ಲ. ಪರೀಕ್ಷೆಯಲ್ಲಿ ಹಿಂದೆ ಬೀಳುವ, ಕರಿಹಲಗೆ ನೋಡುವಾಗ ಕಣ್ಣು ಕಿರಿದಾಗಿಸುವ, ಪಕ್ಕದವರ ಪುಸ್ತಕ ನೋಡಿ ಬರೆದುಕೊಳ್ಳುವ ಯಾವ ಮಗುವಿನ ವಿಷಯದಲ್ಲಾದರೂ ಮನೆಯವರೂ ಶಾಲೆಯವರೂ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ. ಆ ಮಗುವಿಗೆ ಹಲಗೆಯ ಮೇಲ���ನ ಅಕ್ಷರ ಕಾಣುತ್ತಿದೆಯೇ?